ಪತ್ರಿನಾ ಅಜ್ಜಿಯ ಮೂರು ಬೋಗುಣಿ

ಕಾಗದ ಬಂದು ಮೂರು ದಿನವಾಗಿತ್ತು. ವೋರ್ಜಾ ಅದನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದಳು. ಸಕ್ಕರೆ ತೆಗೆಯಲು ಹೋದಾಗಲೆಲ್ಲ ಕಾಗದ ಕಾಣುತ್ತಿತ್ತು. ಕಾಗದ ಕಂಡಾಗಲೆಲ್ಲ ಕಾಫಿಗೆ ಎಷ್ಟು ಚಮಚ ಹಾಕಿದೆ ಎಂಬುದು ಮರೆತುಹೋಗುತ್ತಿತ್ತು.

"ಇದು ಕಾಫಿನೋ ಜೇನುತುಪ್ಪಾನೋ?" ಎಂದು ಅತ್ತೆ ಪತ್ರಿನಾ ಮುಖ ಸಿಂಡರಿಸಿದಳು. "ಒಂದು ಸಹಿಗೆ ಇಷ್ಟು ಯೋಚನೆ ಯಾಕೆ? ಹಾಕು, ಕೊಡು, ಮುಗೀತು."

ಸೋಮವಾರದೊಳಗೆ ಸಹಿ ಮಾಡಿ ಕೊಡಬೇಕಿತ್ತು. ವೋರ್ಜಾಳ ಮಗಳು ಜೋಫ್ಕಾಗೆ ಆರು ವರ್ಷ. ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಬೇಕು. ಊರಿನ ದೊಡ್ಡ ಶಾಲೆಯವರು ಮಗುವನ್ನು ಪರೀಕ್ಷೆಗೆ ಕಳಿಸಿದ್ದರು. ಪರೀಕ್ಷೆ ಮಾಡಿದವರು ಈ ಮಗುವಿಗೆ ಬುದ್ಧಿ ಸಾಲದು, ಇವಳನ್ನು ಹಳದಿ ಶಾಲೆಗೆ ಹಾಕಿ ಎಂದು ಬರೆದಿದ್ದರು. ಕಲಿಯಲು ಆಗದ ಮಕ್ಕಳಿಗೆಂದು ಕಟ್ಟಿದ ಶಾಲೆ ಅದು. ಗೋಡೆಗೆ ಹಳದಿ ಬಣ್ಣ ಬಳಿದಿದ್ದರಿಂದ ಕೇರಿಯವರು ಅದನ್ನು ಹಳದಿ ಶಾಲೆ ಎನ್ನುತ್ತಿದ್ದರು.

ಯೆಲ್ಶಿನಾ ಊರಿನ ಹೊರಗೆ, ರೈಲು ಹಳಿಯ ಆಚೆ, ತಮ್ಮದೇ ಭಾಷೆ, ಆಚಾರ ಇರುವ ರೋಮಾ ಜನರ ಕೇರಿ. ಊರಿನವರ ಭಾಷೆ ಸ್ಲೊವಾಕ್. ನಲವತ್ತು ಮನೆಗಳಿಗೆ ಒಂದೇ ಕೈಪಂಪು. ಹಳಿಯ ಈಚೆಗೆ, ಊರಿನೊಳಗೆ, ಮನೆಮನೆಗೂ ನಲ್ಲಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೆಳಗ್ಗೆ ಪಂಪಿನ ಹತ್ತಿರ ವೋರ್ಜಾಳ ಓರಗಿತ್ತಿ ಮಾಲ್ವಿನಾ ಸಿಕ್ಕಳು.

"ಇನ್ನೂ ಸಹಿ ಹಾಕಿಲ್ವೇನೆ? ನಾನು ಮೂರು ಮಕ್ಕಳಿಗೂ ಕಣ್ಣು ಮುಚ್ಚಿಕೊಂಡು ಹಾಕಿದೀನಿ. ಮಧ್ಯಾಹ್ನ ಊಟ ಕೊಡ್ತಾರೆ. ಬಸ್ಸು ಕೇರಿಗೇ ಬರುತ್ತೆ. ಅಲ್ಲಿರೋರೆಲ್ಲ ನಮ್ಮ ಮಕ್ಕಳೇ. ಯಾರೂ ಜಡೆ ಎಳೆಯಲ್ಲ, ಯಾರೂ ಮೂಗು ಮುಚ್ಚಿಕೊಳ್ಳಲ್ಲ."

"ಅದೇ ಅಕ್ಕ, ನನಗೆ ತಿಳೀದೆ ಇರೋದು. ಅಲ್ಲಿ ಎಲ್ಲರೂ ನಮ್ಮ ಮಕ್ಕಳೇ ಯಾಕೆ? ಊರೊಳಗೆ ಹುಟ್ಟಿದ ಮಕ್ಕಳಲ್ಲಿ ಒಂದಕ್ಕೂ ಬುದ್ಧಿ ಕಡಿಮೆ ಇರಲ್ವಾ?"

ಮಾಲ್ವಿನಾ ಬಿಂದಿಗೆಯನ್ನು ಪಂಪಿನ ಕೆಳಗೆ ತಳ್ಳಿದಳು. "ಬೆಳಗ್ಗೆ ಬೆಳಗ್ಗೆ ತಲೆ ತಿನ್ನಬೇಡ. ಪಂಪು ಹೊಡಿ," ಎಂದಳು.

ವೋರ್ಜಾ ಪಂಪು ಹೊಡೆದಳು. ಅವಳೂ ಎಂಟು ವರ್ಷ ಹಳದಿ ಶಾಲೆಯಲ್ಲೇ ಕಲಿತವಳು. ಚಿತ್ರಕ್ಕೆ ಬಣ್ಣ ತುಂಬುವುದು, ಗುಂಡಿ ಹೊಲಿಯುವುದು, ಸಾಲಾಗಿ ನಿಲ್ಲುವುದು, ಇಷ್ಟನ್ನು ಕಲಿಸಿದ್ದರು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಬಲ್ಲಳು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಎಂಬುದು ಮರೆಯುತ್ತಿತ್ತು. ತನ್ನ ತಲೆಯಲ್ಲಿ ಎಲ್ಲೋ ಒಂದು ತೂತಿದೆ, ಕಲಿತದ್ದೆಲ್ಲ ಅದರಿಂದ ಸೋರಿಹೋಗುತ್ತದೆ ಎಂದು ಅವಳು ತುಂಬಾ ದಿನ ನಂಬಿದ್ದಳು. ಆದರೆ ಅದೇ ವೋರ್ಜಾ ಒಂಬತ್ತು ಮೀಟರು ಬಟ್ಟೆಯನ್ನು ನೆಲದ ಮೇಲೆ ಹಾಸಿ, ಅಳತೆಪಟ್ಟಿ ಮುಟ್ಟದೆ, ಕಣ್ಣಳತೆಯಲ್ಲೇ ಮದುವೆಯ ಲಂಗ ಕತ್ತರಿಸುತ್ತಿದ್ದಳು. ನೂರು ನಿರಿಗೆ ಇದ್ದರೂ ಒಂದು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ಈ ಎರಡು ಮಾತು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಆ ದಿನ ಮಧ್ಯಾಹ್ನ ಇರ್ಮಾ ಬಂದಳು. ಅವಳು ಆರೋಗ್ಯ ಕಾರ್ಯಕರ್ತೆ. ಮಕ್ಕಳ ಲಸಿಕೆ, ಬಸುರಿಯರ ತಪಾಸಣೆ ಎಂದು ವಾರಕ್ಕೆರಡು ಸಲ ಕೇರಿ ಸುತ್ತುತ್ತಿದ್ದಳು. ಅವಳೂ ರೋಮಾ ಹೆಂಗಸೇ. ಆದರೆ ಬೇರೆ ಒಳಪಂಗಡ. ತಲೆಮಾರುಗಳಿಂದ ಊರೊಳಗೆ ನೆಲೆಸಿದವರು. ಪತ್ರಿನಾಗೆ ಅವರ ಮಡಿಯ ಮೇಲೆ ನಂಬಿಕೆ ಇರಲಿಲ್ಲ. ಇರ್ಮಾ ಬಂದಾಗಲೆಲ್ಲ ಅವಳಿಗೆ ಕಾಫಿ ಕೊಡುತ್ತಿದ್ದುದು ಪ್ಲಾಸ್ಟಿಕ್ ಲೋಟದಲ್ಲಿ. ಗುಲಾಬಿ ಹೂವಿನ, ಚಿನ್ನದ ಅಂಚಿನ ಪಿಂಗಾಣಿ ಬಟ್ಟಲುಗಳು ಗಾಜಿನ ಕಪಾಟಿನಲ್ಲಿ ಮನೆಯವರಿಗಾಗಿ ಇದ್ದವು. ಇರ್ಮಾಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಗುತ್ತಲೇ ಕುಡಿಯುತ್ತಿದ್ದಳು.

"ಪತ್ರಿನಾ ಅಮ್ಮ, ಕಾಲು ಹೇಗಿದೆ?"

"ಇದ್ದಲ್ಲೇ ಇದೆ. ನಿಮ್ಮೋರು ತಟ್ಟೆ ತೊಳೆಯೋ ಜಾಗದಲ್ಲೇ ಕಾಲೂ ತೊಳೀತಾರಂತೆ, ನಿಜವಾ?"

"ಬನ್ನಿ, ಒಂದು ದಿನ ನಮ್ಮನೆಗೆ ಬಂದು ನೋಡಿ. ಕಾಲು ನೋವಿಗೂ ಒಳ್ಳೇದು, ನಡೆದ ಹಾಗಾಗುತ್ತೆ."

ವೋರ್ಜಾ ಸಕ್ಕರೆ ಡಬ್ಬಿ ಎತ್ತಿ ಕಾಗದ ತೆಗೆದಳು. "ಇರ್ಮಕ್ಕ, ಇದನ್ನೊಂದು ಸಲ ಓದಿ. ನಿಧಾನವಾಗಿ."

ಇರ್ಮಾ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದಳು. ಓದಿ ಮುಗಿಸಿ, "ವೋರ್ಜಾ, ಇದು ಆಜ್ಞೆ ಅಲ್ಲ. ನಿನ್ನ ಒಪ್ಪಿಗೆ ಕೇಳಿರೋ ಕಾಗದ," ಎಂದಳು. "ಒಪ್ಪಿಗೆ ಕೇಳ್ತಾರೆ ಅಂದ್ರೆ ಒಪ್ಪಲ್ಲ ಅನ್ನೋಕೂ ಜಾಗ ಇದೆ ಅಂತ. ಪರೀಕ್ಷೆ ಮತ್ತೆ ಮಾಡಿ ಅಂತ ಕೇಳಬಹುದು. ಮಗುವಿನ ಭಾಷೆ ಬಲ್ಲವರು ಜೊತೇಲಿರಲಿ ಅಂತಾನೂ ಕೇಳಬಹುದು."

"ಕೇಳಿ ಏನಾಗಬೇಕು?" ಪತ್ರಿನಾ ನಡುವೆ ಬಾಯಿ ಹಾಕಿದಳು. "ದೊಡ್ಡ ಶಾಲೇಲಿ ಮಗೂನ ಕೊನೇ ಬೆಂಚಲ್ಲಿ ಕೂರಿಸ್ತಾರೆ. ತಲೇಲಿ ಹೇನು ಅಂತಾರೆ. ಹಳದಿ ಶಾಲೇಲಿ ಅವಳ ದೊಡ್ಡಪ್ಪನ ಮಕ್ಕಳಿದಾರೆ. ನಗ್ತಾ ಹೋಗಿ ನಗ್ತಾ ಬರ್ತಾಳೆ. ಮಗು ನಗೋದು ಬೇಡ್ವಾ ನಿನಗೆ?"

"ಸುಳ್ಳು ಹೇಳಲ್ಲ ಅಮ್ಮ. ಹೇನು ಅಂದ್ರೂ ಅಂದಾರು. ನನ್ನ ಮಗನಿಗೂ ಅಂದಿದ್ರು. ನಾನು ಹೋಗಿ ಟೀಚರ್ ಹತ್ರ ಮಾತಾಡಿದೆ. ಒಂದು ಸಲಕ್ಕೆ ಸರಿ ಹೋಗಲಿಲ್ಲ, ನಾಲ್ಕು ಸಲ ಹೋದೆ." ಇರ್ಮಾ ಮೂಲೆಯಲ್ಲಿ ಗೊಂಬೆ ಹಿಡಿದು ಕೂತಿದ್ದ ಜೋಫ್ಕಾಳನ್ನು ತೋರಿಸಿದಳು. "ಇವಳಿಗೆ ಈ ಜಡೆ ಹೆಣೆದೋರು ಯಾರು?"

"ಇನ್ಯಾರು, ಮಾಲ್ವಿನಾ ಮಗಳು ಎತೆಲ," ಎಂದಳು ಪತ್ರಿನಾ.

"ಎಂಥಾ ಕೈ ನೋಡಿ. ಕೂದಲು ಕತ್ತರಿಸೋ ಕೆಲಸ ಕಲೀಬೇಕು ಅಂತ ಎತೆಲ ಕಾಲೇಜಿಗೆ ಅರ್ಜಿ ಹಾಕಿದಳು. ನಾನೇ ಜೊತೆಗೆ ಹೋಗಿದ್ದೆ. ಹಳದಿ ಶಾಲೆ ಸರ್ಟಿಫಿಕೇಟು ನೋಡಿ, ಇದಕ್ಕೆ ಇಲ್ಲಿ ಸೀಟಿಲ್ಲ ಅಂದುಬಿಟ್ಟರು. ಅವಳ ಕೈಯಲ್ಲಿ ಏನಿದೆ ಅಂತ ಯಾರೂ ನೋಡಲಿಲ್ಲ. ಇವತ್ತು ಊರಿನ ಸಲೂನಲ್ಲಿ ಬಿದ್ದ ಕೂದಲು ಗುಡಿಸ್ತಾಳೆ. ಆರು ವರ್ಷದಲ್ಲಿ ಹಾಕಿದ ಸಹಿ ಹದಿನಾರು ವರ್ಷದಲ್ಲಿ ಬಾಗಿಲು ಹಾಕುತ್ತೆ, ಅಮ್ಮ."

ಪತ್ರಿನಾ ಒಲೆಯ ಕಡೆ ತಿರುಗಿದಳು. ಮಡಕೆಯ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದಳು.

"ಆದ್ರೂ ಇರ್ಮಕ್ಕ," ವೋರ್ಜಾ ದನಿ ಇಳಿಸಿದಳು, "ಅವರು ಹೇಳಿದ್ದು ನಿಜ ಇದ್ರೆ? ನನ್ನ ಹಾಗೇ ಅವಳಿಗೂ ತಲೆ ಓಡದೇ ಇದ್ರೆ? ದೊಡ್ಡ ಶಾಲೇಲಿ ಕೂತು ಪಾಪ ಒದ್ದಾಡಲ್ವಾ?"

"ಅದಕ್ಕೇ ಎರಡನೇ ಪುಟ ಓದೋಣ. ಏನು ತಪ್ಪು ಮಾಡಿದಳು ಅಂತ ಬರೆದಿರ್ತಾರೆ."

ಎರಡನೇ ಪುಟದಲ್ಲಿ ಹೀಗಿತ್ತು: "ಮನೆಬಳಕೆಯ ವಸ್ತುಗಳ ಚಿತ್ರಗಳನ್ನು ಗುಂಪು ಮಾಡಲು ಬರುವುದಿಲ್ಲ. ಬೋಗುಣಿ, ತಟ್ಟೆ, ಕಾಲುಚೀಲ, ಅಂಗಿ, ಸೋಪು ಇವುಗಳನ್ನು 'ತೊಳೆಯುವುದು' ಎಂಬ ಗುಂಪಿಗೆ ಸೇರಿಸಲು ಮೂರು ಬಾರಿ ಹೇಳಿದರೂ ಸೂಚನೆ ಅರ್ಥವಾಗಲಿಲ್ಲ. ಕಾರ್ಡುಗಳನ್ನು ದೂರ ತಳ್ಳಿದಳು. ಅತ್ತಳು. ನಂತರದ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ಬಿಸ್ಕತ್ತು ಕೊಟ್ಟರೂ ತೆಗೆದುಕೊಳ್ಳಲಿಲ್ಲ."

ವೋರ್ಜಾ ಮಗಳನ್ನು ಹತ್ತಿರ ಕರೆದಳು. "ಚಿನ್ನ, ಕಾರ್ಡು ಯಾಕೆ ತಳ್ಳಿದೆ?"

ಜೋಫ್ಕಾ ಮೊದಲು ಅಜ್ಜಿಯ ಮುಖ ನೋಡಿದಳು. "ಬೈಯಲ್ಲ ತಾನೆ?"

"ಬೈಯಲ್ಲ, ಹೇಳು."

"ಒಂದೇ ಬೋಗುಣಿ ಇತ್ತಮ್ಮ. ತಟ್ಟೇನೂ ಕಾಲುಚೀಲಾನೂ ಎರಡೂ ಅದರ ಹತ್ರಾನೇ ಇಡು ಅಂದ್ರು. ನಾನು ಇಡಲ್ಲ ಅಂದೆ. ಮತ್ತೆ ಇಡು ಅಂದ್ರು. ಹಾಗೆ ಮಾಡಿದ್ರೆ ಆಮೇಲೆ ಆ ತಟ್ಟೆ ಬಿಸಾಕಬೇಕಾಗುತ್ತೆ ಅಂದೆ. ಅವರಿಗೆ ಗೊತ್ತೇ ಆಗಲಿಲ್ಲ."

"ಬಿಸ್ಕತ್ತು?"

"ಆ ಮೇಡಂ ಮನೇಲಿ ಕಾಲುಚೀಲ ತೊಳೆದಿದ್ರಲ್ಲೇ ತಟ್ಟೆ ತೊಳೀತಾರೆ ಅಂದ್ಮೇಲೆ, ಬಿಸ್ಕತ್ತು ಹೇಗಮ್ಮ ತಿನ್ನೋದು?"

ಪತ್ರಿನಾ ಒಲೆಯ ಬಳಿಯಿಂದ ನಿಧಾನವಾಗಿ ತಿರುಗಿದಳು. ಆ ಮನೆಯ ಗೋಡೆಗೆ ಮೂರು ಬೋಗುಣಿಗಳು ತೂಗುಬಿದ್ದಿದ್ದವು. ಬಿಳಿಯದು ತಟ್ಟೆ ಲೋಟಕ್ಕೆ. ಕೆಂಪು ಬಣ್ಣದ್ದು ಮುಖಕ್ಕೆ, ಸೊಂಟದಿಂದ ಮೇಲೆ ಉಡುವ ಬಟ್ಟೆಗೆ. ಕಂದು ಬಣ್ಣದ್ದು ಕಾಲಿಗೆ, ಸೊಂಟದಿಂದ ಕೆಳಗಿನ ಬಟ್ಟೆಗೆ. ಚಳಿಗಾಲದಲ್ಲಿ ಪಂಪು ಹೆಪ್ಪುಗಟ್ಟಿದಾಗಲೂ, ಹೊಳೆಯಿಂದ ನೀರು ಹೊತ್ತು ತರಬೇಕಾದಾಗಲೂ, ಪತ್ರಿನಾ ಮೂರಕ್ಕೂ ಬೇರೆ ಬೇರೆ ನೀರೇ ತುಂಬಿಸಿದ್ದಳು. ಊರಿನವರು ತಮ್ಮನ್ನು ಕೊಳಕರು ಎಂದಾಗಲೆಲ್ಲ ಈ ಬೋಗುಣಿಗಳನ್ನು ನೆನೆದು ಒಳಗೊಳಗೇ ನಕ್ಕಿದ್ದಳು.

"ಇದಕ್ಕಾ?" ಎಂದಳು. "ನನ್ನ ಮೊಮ್ಮಗಳು ಮೇಜಿನ ಮುಂದೆ ಒಬ್ಬಳೇ ಕೂತು ಮನೆ ಮರ್ಯಾದೆ ಉಳಿಸಿದಾಳೆ. ಇದಕ್ಕಾ ಬುದ್ಧಿ ಇಲ್ಲ ಅಂತ ಬರೆದಿದ್ದು?"

"ಹೌದಮ್ಮ, ಇದಕ್ಕೇ," ಎಂದಳು ಇರ್ಮಾ.

"ಲೇ ವೋರ್ಜಾ! ಆ ಪೆನ್ನು ಕೈಲಿ ಹಿಡಿದೆಯೋ, ಬೆರಳು ಮುರೀತೀನಿ!"

ಬೆಳಗಿನಿಂದ ಸಹಿ ಹಾಕು ಎಂದು ಪ್ರಾಣ ತಿಂದವಳು ಇದೇ ಅತ್ತೆ. ವೋರ್ಜಾಗೆ ನಗು ಬಂತು. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಪರೀಕ್ಷೆಯ ದಿನ ಅವಳು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಬರಲೇ ಎಂದು ಅವಳೂ ಕೇಳಿರಲಿಲ್ಲ. ಮಗಳು ಅಳುವುದು ಬಾಗಿಲಿನ ಆಚೆಯಿಂದ ಕೇಳಿಸಿತ್ತು. ಆಗಲೂ ಎದ್ದಿರಲಿಲ್ಲ.

"ಆ ಮೇಡಂ ಕೆಟ್ಟೋರೇನಲ್ಲ," ಎಂದಳು ಇರ್ಮಾ. "ಯಾಕೆ ತಳ್ಳಿದೆ ಅಂತ ಕೇಳೋಕೆ ಅವರಿಗೆ ನಮ್ಮ ಭಾಷೆ ಬರಲ್ಲ. ಬಿಡಿಸಿ ಹೇಳೋಕೆ ಮಗೂಗೆ ಸ್ಲೊವಾಕ್ ಅಷ್ಟು ಬರಲ್ಲ. ನಡುವೆ ಒಬ್ಬರು ಬೇಕು. ಅಷ್ಟೇ ಇದು."

"ನೀನು ಕೂತ್ಕೋ ನಡುವೆ," ಎಂದಳು ಪತ್ರಿನಾ. "ನಿನ್ನ ಭಾಷೆ ಅರ್ಧ ನಮ್ಮದು, ಅರ್ಧ ಯಾರದೋ. ಆದ್ರೂ ನಡೆಯುತ್ತೆ."

ಸಂಜೆ ವೋರ್ಜಾಳ ಗಂಡ ಫೆರ್ಕೊ ಬಂದ. ಊರಿನ ಮನೆಗಳ ಮಾಡಿಗೆ ಮಳೆನೀರು ಹರಿಸುವ ತಗಡಿನ ಕೊಳವೆ ಕೂರಿಸುವುದು ಅವನ ಕೆಲಸ. ಎಲ್ಲ ಕೇಳಿ ಕತ್ತು ಕೆರೆದುಕೊಂಡ. "ನಾವು ಎದುರು ಮಾತಾಡಿದ್ರೆ ನಾಳೆ ಊರೋರು ನನಗೆ ಕೆಲಸ ಕೊಡ್ತಾರಾ?"

"ಮಳೆ ಬಂದ್ರೆ ಅವರ ಗೋಡೆ ನೆನೆಯುತ್ತೆ. ಆಗ ಕರೆದೇ ಕರೀತಾರೆ," ಎಂದಳು ಅವನ ತಾಯಿ. "ಉಣ್ಣು, ತಣ್ಣಗಾಗ್ತಿದೆ."

ಮರುದಿನ ಇರ್ಮಾ ಮತ್ತು ವೋರ್ಜಾ ಜೊತೆಯಲ್ಲಿ ಕೂತು ಅರ್ಜಿ ಬರೆದರು. ಒಪ್ಪಿಗೆಯ ಜಾಗವನ್ನು ಖಾಲಿ ಬಿಟ್ಟರು. ಇರ್ಮಾ ಎರಡು ಸಾಲು ಹೇಳಿದಳು; ವೋರ್ಜಾ ಒಂದೊಂದೇ ಅಕ್ಷರವಾಗಿ ಬರೆದಳು: "ನನ್ನ ಮಗಳ ಪರೀಕ್ಷೆಯನ್ನು ಮತ್ತೆ ಮಾಡಿ. ನಮ್ಮ ಭಾಷೆ ಬಲ್ಲವರು ಅವಳ ಜೊತೆಯಲ್ಲಿರಲಿ." ಆಮೇಲೆ ಪೆನ್ನು ಕೆಳಗಿಡದೆ ಇನ್ನೊಂದು ಸಾಲು ತಾನಾಗಿಯೇ ಸೇರಿಸಿದಳು: "ಈ ಸಲ ನಾನೂ ಒಳಗೆ ಕೂರುತ್ತೇನೆ." ಬರೆದದ್ದರ ನಕಲೊಂದನ್ನು ಮಾಡಿಸಿ, ಅರ್ಜಿಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಅಲ್ಲಿನ ಮುದ್ರೆ ಒತ್ತಿಸಿಕೊಂಡು ಬಂದರು.

ಮೂರು ವಾರಕ್ಕೆ ಕರೆ ಬಂತು. ಆ ಬೆಳಗ್ಗೆ ವೋರ್ಜಾ ಮಗಳಿಗೆ ಹೊಸ ಲಂಗ ಉಡಿಸಿ ಹೊರಬಂದರೆ, ಪತ್ರಿನಾ ಬಾಗಿಲಲ್ಲಿ ದೊಡ್ಡದೊಂದು ಗಂಟಿನ ಜೊತೆ ನಿಂತಿದ್ದಳು. ಹಾಸಿಗೆಯ ಬಟ್ಟೆಯಲ್ಲಿ ಬಿಗಿದ ಮೂರೂ ಬೋಗುಣಿ.

"ಅತ್ತೆ, ಇದೇನಿದು?"

"ಅವರ ಹತ್ರ ಒಂದೇ ಇದೆಯಲ್ಲ, ಪಾಪ."

ಬಸ್ಸಿನಲ್ಲಿ ಗಂಟು ಗಡಗಡ ಸದ್ದು ಮಾಡಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಜ್ಜಿ, ಸಂತೆಗಾ?" ಎಂದ.

"ಪರೀಕ್ಷೆಗೆ," ಎಂದಳು ಪತ್ರಿನಾ, ಕಿಟಕಿಯ ಕಡೆ ಮುಖ ಮಾಡಿ.

ಪರೀಕ್ಷೆ ಮಾಡುವ ಮೇಡಂ ಸಣ್ಣ ವಯಸ್ಸಿನವರು. ಅಜ್ಜಿ, ತಾಯಿ, ಇರ್ಮಾ ಮತ್ತು ಮೂರು ಬೋಗುಣಿ ಒಟ್ಟಿಗೆ ಒಳಬಂದದ್ದನ್ನು ಕಂಡು ಅವರು ಎದ್ದೇ ನಿಂತರು. ಒಂದು ಕುರ್ಚಿ ಕಡಿಮೆ ಇತ್ತು, ಪಕ್ಕದ ಕೋಣೆಯಿಂದ ತಾವೇ ತಂದು ಹಾಕಿದರು. ಅವೇ ಕಾರ್ಡುಗಳು ಮೇಜಿನ ಮೇಲೆ ಬಂದವು. ಜೋಫ್ಕಾ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

ಇರ್ಮಾ ಬಗ್ಗಿ, "ಚಿನ್ನ, ನಿಮ್ಮ ಮನೇಲಿ ಹೇಗೋ ಹಾಗೆ ಇಡು," ಎಂದು ತಮ್ಮ ಭಾಷೆಯಲ್ಲಿ ಹೇಳಿದಳು.

ಜೋಫ್ಕಾ ಕುರ್ಚಿಯಿಂದ ಇಳಿದಳು. ತಟ್ಟೆಯ ಕಾರ್ಡನ್ನು ಬಿಳಿ ಬೋಗುಣಿಗೆ ಹಾಕಿದಳು. ಅಂಗಿಯನ್ನು ಕೆಂಪು ಬೋಗುಣಿಗೆ. ಕಾಲುಚೀಲವನ್ನು ಕಂದು ಬೋಗುಣಿಗೆ. ಬೋಗುಣಿಯ ಕಾರ್ಡನ್ನು, ಇದು ಬೇಕಾಗಿಲ್ಲ ಎನ್ನುವಂತೆ, ಮೇಡಂಗೆ ವಾಪಸು ಕೊಟ್ಟಳು. ಕೊನೆಗೆ ಸೋಪಿನ ಕಾರ್ಡು ಕೈಯಲ್ಲಿ ಉಳಿಯಿತು. ಅದನ್ನು ಹಿಡಿದು ಸ್ವಲ್ಪ ಹೊತ್ತು ಮೂರೂ ಬೋಗುಣಿಗಳನ್ನು ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ ಏನೋ ಹೇಳಿದಳು.

"ಏನಂತೆ?" ಎಂದರು ಮೇಡಂ.

ಇರ್ಮಾ ನಗು ತಡೆದುಕೊಂಡು ಹೇಳಿದಳು: "ಇನ್ನೂ ಎರಡು ಸೋಪು ಕೊಡಿ ಅಂತಿದಾಳೆ. ಒಂದು ಸಾಲಲ್ವಂತೆ."

ಮೇಡಂ ಪೆನ್ನು ಕೆಳಗಿಟ್ಟರು. ಮೂರು ಬೋಗುಣಿ ಯಾಕೆ ಎಂದು ಕೇಳಿದರು. ಜೋಫ್ಕಾ ಹೇಳುತ್ತಾ ಹೋದಳು. ಇರ್ಮಾ ಅದನ್ನು ಸ್ಲೊವಾಕಿನಲ್ಲಿ ತಿಳಿಸುತ್ತಾ ಹೋದಳು. ಮೇಡಂ ಮತ್ತೆ ಪೆನ್ನು ತೆಗೆದುಕೊಂಡು ಒಂದು ಪುಟ ತುಂಬ ಬರೆದರು. ಆಮೇಲಿನ ಪ್ರಶ್ನೆಗಳಿಗೆ ಮಗು ಪಟಪಟ ಉತ್ತರ ಕೊಟ್ಟಿತು. ಕೆಲವು ಗೊತ್ತಾಗಲಿಲ್ಲ. ವಿಮಾನದ ಟಿಕೆಟ್ಟಿನ ಚಿತ್ರವನ್ನು ಔಷಧಿ ಚೀಟಿ ಎಂದಳು. ಹತ್ತರವರೆಗೆ ಎಣಿಸು ಎಂದರೆ ತಾಯಿ ನಿರಿಗೆ ಎಣಿಸುವಂತೆ ಎರಡೆರಡಾಗಿ ಎಣಿಸಿ ಇಪ್ಪತ್ತಕ್ಕೆ ಹೋಗಿ ನಿಂತಳು.

"ನನ್ನ ಪುಸ್ತಕದಲ್ಲಿ ಈ ಉತ್ತರ ಇರಲಿಲ್ಲ," ಎಂದರು ಮೇಡಂ ಕೊನೆಗೆ. "ಯಾಕೆ ಅಂತ ಆ ದಿನವೇ ಕೇಳಬೇಕಿತ್ತು ನಾನು."

"ಈಗ ಕೇಳಿದ್ರಲ್ಲ," ಎಂದಳು ಪತ್ರಿನಾ.

ಮೇಡಂ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದರು. ಜೋಫ್ಕಾ ಅಜ್ಜಿಯನ್ನು ನೋಡಿದಳು. ಪತ್ರಿನಾ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಒಡೆದಿರಲಿಲ್ಲ. "ತಗೋ. ನನಗೂ ಒಂದು ಕೊಡು," ಎಂದಳು.

ಹದಿನೈದು ದಿನಕ್ಕೆ ಹೊಸ ಕಾಗದ ಬಂತು. ಜೋಫ್ಕಾ ದೊಡ್ಡ ಶಾಲೆಯ ಒಂದನೇ ತರಗತಿಗೆ ಸೇರಬಹುದು. ಮೊದಲ ವರ್ಷ ಸ್ಲೊವಾಕ್ ಕಲಿಯಲು ಸಹಾಯಕಿಯೊಬ್ಬರು ಜೊತೆಗಿರುತ್ತಾರೆ ಎಂದಿತ್ತು. ಈ ಸಲ ವೋರ್ಜಾ ತಾನೇ ಓದಿದಳು. ಬಹಳ ಹೊತ್ತು ಹಿಡಿಯಿತು. ಆದರೆ ಕೊನೆಗೆ ಬಂದಾಗಲೂ ಮೊದಲ ಸಾಲು ನೆನಪಿತ್ತು.

ಎಲ್ಲವೂ ಸುಸೂತ್ರವಾಯಿತು ಎಂದಲ್ಲ. ಮೊದಲ ವಾರವೇ ಪಕ್ಕದ ಹುಡುಗನೊಬ್ಬ ಮೂಗು ಮುಚ್ಚಿಕೊಂಡ. ವೋರ್ಜಾ ಶಾಲೆಗೆ ಹೋಗಿ ಟೀಚರ್ ಹತ್ತಿರ ಮಾತಾಡಿದಳು. ಮುಂದಿನ ವಾರ ಮತ್ತೆ ಹೋದಳು. ಮೂರನೇ ಸಲ ಹೋದಾಗ ಜೋಫ್ಕಾ ಮುಂದಿನ ಬೆಂಚಿನಲ್ಲಿ ಇನ್ನೊಬ್ಬ ಹುಡುಗಿಯ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ತಾಯಿ ಬಂದದ್ದನ್ನೇ ನೋಡಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಇರ್ಮಾ ಲಸಿಕೆಯ ಪುಸ್ತಕ ಹಿಡಿದು ಬಂದಳು. ಅವಳು ಬರುವುದನ್ನೇ ಕಾದಿದ್ದಂತೆ ಮಾಲ್ವಿನಾ ಓಡಿಬಂದಳು. "ಇರ್ಮಕ್ಕ, ನಮ್ಮ ಚಿಕ್ಕವಳು ಹಳದಿ ಶಾಲೇಲಿ ಎರಡನೇ ಕ್ಲಾಸು. ಅವಳ ಪರೀಕ್ಷೇನೂ ಇನ್ನೊಂದ್ಸಲ ಮಾಡಿ ಅಂತ ಕೇಳಬಹುದಾ? ತಡ ಆಯ್ತಾ?"

"ಕೇಳಬಹುದು. ಅವಳ ಕಾಗದ ತಗೊಂಡು ಬಾ, ಎರಡನೇ ಪುಟದಿಂದ ಶುರು ಮಾಡೋಣ."

"ಎತೆಲಗೆ?"

ಇರ್ಮಾ ಲಸಿಕೆಯ ಪುಸ್ತಕ ಕೆಳಗಿಟ್ಟಳು. "ಅವಳದು ಕಷ್ಟ. ಊರಲ್ಲಿ ದೊಡ್ಡವರ ಸಂಜೆ ಶಾಲೆ ಇದೆ. ಎರಡು ವರ್ಷ ಹಿಡಿಯುತ್ತೆ. ಬರ್ತಾಳಾ ಕೇಳು. ನಾನು ಜೊತೆಗೆ ಹೋಗ್ತೀನಿ."

ಪತ್ರಿನಾ ಕಾಫಿ ಇಳಿಸಿದಳು. ಪ್ಲಾಸ್ಟಿಕ್ ಲೋಟಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಆಮೇಲೆ ಗಾಜಿನ ಕಪಾಟು ತೆರೆದು, ಗುಲಾಬಿ ಹೂವಿನ ಬಟ್ಟಲೊಂದನ್ನು ತೆಗೆದು, ಬಿಳಿ ಬೋಗುಣಿಯ ನೀರಿನಲ್ಲಿ ಅದ್ದಿ ಒರೆಸಿ, ಕಾಫಿ ತುಂಬಿಸಿ ಇರ್ಮಾ ಮುಂದಿಟ್ಟಳು.

ಇರ್ಮಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣು ತೇವವಾದರೂ ಬಾಯಿ ಸುಮ್ಮನಿರಲಿಲ್ಲ. "ಅಮ್ಮ, ನಮ್ಮನೇಲಿ ಹೇಗೆ ತೊಳೀತೀವಿ ಅಂತ ನೀವಿನ್ನೂ ಬಂದು ನೋಡೇ ಇಲ್ಲ."

"ಕೇಳದೇ ಬರೆದದ್ದು ತಪ್ಪು ಅಂತ ಮೇಡಂ ಒಪ್ಪಿದ್ರು. ನಾನೂ ನೋಡದೇ ಅಂದುಬಿಟ್ಟಿದ್ದೆ," ಎಂದಳು ಪತ್ರಿನಾ. "ಭಾನುವಾರ ಬರ್ತೀನಿ. ಕುಡಿ, ಆರಿಹೋಗುತ್ತೆ."

ಕೇಳುತ್ತಿರುವ ತಾಯಂದಿರೇ, ತಂದೆಯರೇ, ಇಂಥ ಕಾಗದ ನಿಮ್ಮ ಮನೆಗೂ ಬಂದಿರಬಹುದು, ನಾಳೆ ಬರಬಹುದು. ಕೆಲವು ಮಕ್ಕಳಿಗೆ ನಿಜವಾಗಿಯೂ ಬೇರೆ ಬಗೆಯ ಶಾಲೆ ಬೇಕಾಗುತ್ತದೆ. ಅವರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ನಿಮ್ಮ ಮಗು ಅಂಥದ್ದೇ ಎಂದು ತಿಳಿಯುವ ಮೊದಲು, ಅಕ್ಕನ ಮಕ್ಕಳು ಅಲ್ಲೇ ಇದ್ದಾರೆ, ಬಸ್ಸು ಬಾಗಿಲಿಗೆ ಬರುತ್ತದೆ ಎಂದು ಸಹಿ ಹಾಕಬೇಡಿ. ಎರಡನೇ ಪುಟವನ್ನೂ ಓದಿಸಿಕೊಳ್ಳಿ. ಮಗುವನ್ನು ಕೂರಿಸಿಕೊಂಡು ಹಾಗೇಕೆ ಮಾಡಿದೆ ಎಂದು ಕೇಳಿ. ಸಂದೇಹ ಬಂದರೆ ಮತ್ತೆ ಪರೀಕ್ಷೆ ಮಾಡಿ ಎಂದು ಬರೆದುಕೊಡಿ. ಬರೆಯಲು ಬಾರದಿದ್ದರೆ ಕೇರಿಗೆ ಬರುವ ಕಾರ್ಯಕರ್ತೆಗೆ ಹೇಳಿ. ಆ ದಿನ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಕೂರಬೇಡಿ. ಬಾಗಿಲು ತಟ್ಟಿ. ಒಳಗೆ ನಿಮಗೂ ಒಂದು ಕುರ್ಚಿ ಕೇಳಿ.